ಹೊಲಿಗೆ ಹಿಡಿಯಿತು, ರಕ್ತ ನಿಲ್ಲಲಿಲ್ಲ: ಸಿಸೇರಿಯನ್ ನಂತರದ ತೀವ್ರ ರಕ್ತಸ್ರಾವದ ಒಂದು ಪ್ರಕರಣ

ಇದು ಒಬ್ಬಳೇ ಬಾಣಂತಿಯ ಕೇಸ್‌ಶೀಟ್ ಅಲ್ಲ. ತಾಲ್ಲೂಕು ಮಟ್ಟದ ಓಟಿಗಳಲ್ಲಿ (ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ) ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಕೂಡಿಸಿ ಕಲಿಕೆಗಾಗಿ ಕಟ್ಟಿದ ಪ್ರಕರಣ. ಸ್ನಾತಕೋತ್ತರ ವಿದ್ಯಾರ್ಥಿಗಳು, ಓಟಿ ಸಿಸ್ಟರ್‌ಗಳು ಮತ್ತು ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುವ ಪ್ರಸೂತಿ ತಜ್ಞರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಸನ್ನಿವೇಶ

ವಯಸ್ಸು 28, ಎರಡನೇ ಬಸಿರು, ಮೊದಲನೆಯದು ಸಹಜ ಹೆರಿಗೆ. ತೂಕ 50 ಕೆಜಿ, ಹಿಮೋಗ್ಲೋಬಿನ್ 9.6. ನೋವು ಶುರುವಾಗಿ 14 ಗಂಟೆ ಆಗಿತ್ತು. ಅದರಲ್ಲಿ ಕೊನೆಯ 6 ಗಂಟೆ ಗರ್ಭಕೋಶವನ್ನು ಬಿಗಿಸುವ ಆಕ್ಸಿಟೋಸಿನ್ ಡ್ರಿಪ್ ಓಡಿತ್ತು. ಗರ್ಭಕಂಠ ಪೂರ್ತಿ ತೆರೆದು ಎರಡು ಗಂಟೆ ಕಳೆದರೂ ಮಗುವಿನ ತಲೆ ಅಡ್ಡ ತಿರುಗಿ ಕೂತಿತ್ತು. ಸ್ಪೈನಲ್ (ಬೆನ್ನಿಗೆ ಅರಿವಳಿಕೆ) ಕೊಟ್ಟು ರಾತ್ರಿ 2:10ಕ್ಕೆ ಸಿಸೇರಿಯನ್ ಶುರುವಾಯಿತು. ಆಸ್ಪತ್ರೆಯ ರಕ್ತ ಶೇಖರಣಾ ಘಟಕದಲ್ಲಿ ಆಕೆಯ ಗುಂಪಿನ ಪ್ಯಾಕ್ಡ್ ಸೆಲ್ (ಬೇರ್ಪಡಿಸಿದ ಕೆಂಪು ರಕ್ತಕಣ) 2 ಯೂನಿಟ್ ಇತ್ತು. ಪ್ಲಾಸ್ಮಾ ಬೇಕೆಂದರೆ ಜಿಲ್ಲಾ ಕೇಂದ್ರದಿಂದಲೇ ಬರಬೇಕು, ಆಂಬುಲೆನ್ಸ್‌ಗೆ ಒಂದು ಗಂಟೆಯ ದಾರಿ.

ಅಪಾಯ ಚಾಕು ಹಿಡಿಯುವ ಮೊದಲೇ ಲೆಕ್ಕಕ್ಕೆ ಸಿಗುವಂತಿತ್ತು. ಗಂಟೆಗಟ್ಟಲೆ ಆಕ್ಸಿಟೋಸಿನ್ ಕುಡಿದ ಗರ್ಭಕೋಶದ ಸ್ನಾಯು ಆ ಔಷಧಿಗೆ ಮಂಕಾಗಿರುತ್ತದೆ. ಹೆರಿಗೆಯಾದ ಮೇಲೆ ಅದೇ ಔಷಧಿಯನ್ನು ಎಷ್ಟು ಸುರಿದರೂ ಅದು ಬಿಗಿಯಾಗಲು ಒಲ್ಲದು. ಜೊತೆಗೆ ತುಂಬು ಬಸಿರಿನಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ 500ರಿಂದ 700 ಮಿಲಿ ರಕ್ತ ಹರಿಯುತ್ತದೆ. ಈಕೆಯ ಮೈಯಲ್ಲಿ ಇದ್ದದ್ದೇ ಸುಮಾರು 4.5ರಿಂದ 5 ಲೀಟರ್. ರಕ್ತಹೀನತೆ ಇರುವ 50 ಕೆಜಿಯ ಹೆಣ್ಣುಮಗಳಿಗೆ ತೀವ್ರ ರಕ್ತಸ್ರಾವಕ್ಕೆ ಪಠ್ಯಪುಸ್ತಕ ಎಳೆದ ಒಂದು ಲೀಟರ್ ಎಂಬ ಗೆರೆ ತೀರಾ ದೂರದ ಗೆರೆ.

ತಲೆ ಆಳದಲ್ಲಿ ಸಿಕ್ಕಿಕೊಂಡಿದ್ದರಿಂದ ಕೆಳಗಿನಿಂದ ಒಬ್ಬರು ಮೇಲಕ್ಕೆ ತಳ್ಳಬೇಕಾಯಿತು. ಮಗು 3.8 ಕೆಜಿ, ಹೊರಬಂದ ಕೂಡಲೇ ಅತ್ತಿತು. ಆದರೆ ತಲೆ ಎತ್ತುವ ಜಗ್ಗಾಟದಲ್ಲಿ ಗರ್ಭಕೋಶದ ಕೊಯ್ತದ ಎಡಮೂಲೆ ಕೆಳಮುಖವಾಗಿ ಸೀಳಿತ್ತು. ಮುಂದಿನ ಒಂದು ಗಂಟೆಯ ಕಥೆಯೆಲ್ಲ ಇರುವುದು ಈ ಸೀಳಿನಲ್ಲಿ.

ಮೊದಲ ಅರ್ಧ ಗಂಟೆ

2:25ಕ್ಕೆ ಮಾಸು ಪೂರ್ತಿ ಬಂದಿತ್ತು. ಗರ್ಭಕೋಶದ ಒಳಗೆ ಕೈಯಾಡಿಸಿ ಚೂರುಗಳೇನೂ ಉಳಿದಿಲ್ಲ ಎಂದು ಖಚಿತಪಡಿಸಿಕೊಂಡರು. ಗರ್ಭಕೋಶ ಮಾತ್ರ ಕೈಗೆ ನೆಂದ ಚರ್ಮದ ಚೀಲದಂತೆ ಸಿಗುತ್ತಿತ್ತು. ತಿಕ್ಕಿದರೆ ಗಟ್ಟಿಯಾಗುತ್ತದೆ, ಕೈ ತೆಗೆದರೆ ಮತ್ತೆ ಸಡಿಲ. ಡ್ರಿಪ್‌ನಲ್ಲಿ ಆಕ್ಸಿಟೋಸಿನ್ 20 ಯೂನಿಟ್ ಹೋಗುತ್ತಿತ್ತು. ರಕ್ತದೊತ್ತಡ ಏರಿಕೆಯ ಇತಿಹಾಸವಿಲ್ಲದ ಕಾರಣ 2:28ಕ್ಕೆ ಗರ್ಭಕೋಶ ಬಿಗಿಸುವ ಇನ್ನೊಂದು ಔಷಧಿ ಮಿಥೈಲ್ ಅರ್ಗೋಮೆಟ್ರಿನ್ 0.2 ಮಿಗ್ರಾಂ ಸ್ನಾಯುವಿಗೆ ಕೊಟ್ಟರು. ಅದೇ ಹೊತ್ತಿಗೆ, ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ, ಹತ್ತು ನಿಮಿಷಗಳಲ್ಲಿ ನಿಧಾನವಾಗಿ ರಕ್ತನಾಳಕ್ಕೆ. ಈ ಔಷಧಿಗೆ ಸಮಯವೇ ಜೀವಾಳ: 2017ರಲ್ಲಿ ಪ್ರಕಟವಾದ, 20,000ಕ್ಕೂ ಹೆಚ್ಚು ಬಾಣಂತಿಯರನ್ನು ಒಳಗೊಂಡ ವುಮನ್ ಪ್ರಯೋಗದಲ್ಲಿ ಹೆರಿಗೆಯಾದ ಮೂರು ಗಂಟೆಯೊಳಗೆ ಕೊಟ್ಟಾಗ ರಕ್ತಸ್ರಾವದ ಸಾವು 1.7 ಶೇಕಡದಿಂದ 1.2ಕ್ಕೆ ಇಳಿದಿತ್ತು, ಮೂರು ಗಂಟೆ ದಾಟಿದ ಮೇಲೆ ಲಾಭ ಕಾಣಲಿಲ್ಲ. ಅಸ್ತಮಾ ಇಲ್ಲವೆಂದು ಕೇಳಿಕೊಂಡು 2:32ಕ್ಕೆ ಗರ್ಭಕೋಶ ಬಿಗಿಸುವ ಮೂರನೇ ಔಷಧಿ ಕಾರ್ಬೊಪ್ರೋಸ್ಟ್ 250 ಮೈಕ್ರೋಗ್ರಾಂ ಸ್ನಾಯುವಿಗೆ ಹೋಯಿತು.

ಆಗ ಎಲ್ಲರ ಬಾಯಲ್ಲಿದ್ದ ಅಂದಾಜು "ಎಂಟುನೂರು ಇರಬಹುದು" ಎಂದು. ಅರಿವಳಿಕೆ ತಜ್ಞರು ಒಪ್ಪಲಿಲ್ಲ, ಲೆಕ್ಕ ಮಾಡಿಸಿದರು. ಸಕ್ಷನ್ ಜಾರಿನಲ್ಲಿ 1,100 ಮಿಲಿ. ಅದರಲ್ಲಿ ಮೊದಲೇ ಗುರುತು ಹಾಕಿಕೊಂಡಿದ್ದ ಗರ್ಭಜಲ 350 ಕಳೆದರೆ 750. ಮಾಪ್‌ಗಳನ್ನು (ರಕ್ತ ಒರೆಸುವ ಬಟ್ಟೆಗಳನ್ನು) ತೂಗಿ ಒಣ ತೂಕ ಕಳೆದಾಗ 520 ಗ್ರಾಂ, ಅಂದರೆ 520 ಮಿಲಿ. ಸೊಂಟದಡಿಯ ಬಟ್ಟೆಯಲ್ಲಿ ಕೂತಿದ್ದ ಹೆಪ್ಪು 180. ಒಟ್ಟು 1,450. ಕಣ್ಣಂದಾಜು ಹೆಚ್ಚುಕಡಿಮೆ ಅರ್ಧಕ್ಕೆ ನಿಂತಿತ್ತು. ಇದು ಯಾರ ಅಸಡ್ಡೆಯೂ ಅಲ್ಲ. 45 ಸೆಂಮೀ ಅಗಲದ ದೊಡ್ಡ ಮಾಪ್ ಪೂರ್ತಿ ನೆನೆದರೆ ಸುಮಾರು 350 ಮಿಲಿ ಹೀರಿರುತ್ತದೆ ಎಂದು ಕಣ್ಣು ನಂಬುವುದಿಲ್ಲ.

2:40ಕ್ಕೆ ನಾಡಿ 128, ಮೇಲಿನ ಒತ್ತಡ 92. ನಾಡಿಯನ್ನು ಮೇಲಿನ ಒತ್ತಡದಿಂದ ಭಾಗಿಸಿದರೆ ಸಿಗುವ ಶಾಕ್ ಇಂಡೆಕ್ಸ್ 1.4. ಬಾಣಂತಿಯಲ್ಲಿ ಇದು 0.9 ದಾಟಿದರೇ ಎಚ್ಚರಿಕೆಯ ಗಂಟೆ. ಇದ್ದ ಎರಡು ಯೂನಿಟ್ ಏರಿಸಲು ಶುರುಮಾಡಿ, ಜಿಲ್ಲಾ ಕೇಂದ್ರಕ್ಕೆ ಇನ್ನಷ್ಟು ಪ್ಯಾಕ್ಡ್ ಸೆಲ್, ಪ್ಲಾಸ್ಮಾ ಮತ್ತು ಹೆಪ್ಪುಗಟ್ಟಿಸುವ ಅಂಶಗಳಿರುವ ಕ್ರಯೋಗೆ ಫೋನ್ ಹೋಯಿತು. ಸ್ಪೈನಲ್ ಮೇಲೆಯೇ ಮುಂದುವರಿಯದೆ ಕೆಟಮಿನ್ ಕೊಟ್ಟು ಉಸಿರಿನ ಕೊಳವೆ ಹಾಕಿದರು. ಎರಡನೇ ಕೈಗೂ ದಪ್ಪ ಸೂಜಿ ಬಿತ್ತು.

ಎರಡು ಕೈಗಳ ಪರೀಕ್ಷೆ

ಔಷಧಿಗೆ ಬಗ್ಗದ ಗರ್ಭಕೋಶಕ್ಕೆ ಯಾವ ಹೊಲಿಗೆ ಎಂಬುದನ್ನು ಪುಸ್ತಕದ ಚಿತ್ರ ನೋಡಿ ತೀರ್ಮಾನಿಸುವುದಲ್ಲ, ಕೈಗಳೇ ಹೇಳಬೇಕು. ಗರ್ಭಕೋಶವನ್ನು ಹೊಟ್ಟೆಯಿಂದ ಹೊರಗೆತ್ತಿ, ಸಹಾಯಕ ವೈದ್ಯರು ಮುಂದಿನ ಗೋಡೆಯ ಮೇಲೊಂದು, ಹಿಂದಿನ ಗೋಡೆಯ ಮೇಲೊಂದು ಅಂಗೈಯಿಟ್ಟು ಬಲವಾಗಿ ಒತ್ತಿ ಹಿಡಿದರು. ಕಾಲುಗಳನ್ನು ಮಂಡಿ ಮಡಚಿ ಅಗಲಿಸಿ, ಒಬ್ಬ ಸಿಸ್ಟರ್ ಹೊದಿಕೆಯಡಿ ಯೋನಿಮಾರ್ಗವನ್ನು ಒಮ್ಮೆ ಒರೆಸಿ ನೋಡುತ್ತ ನಿಂತರು. ಒತ್ತಿದಾಗ ಕೆಳಗೆ ರಕ್ತ ನಿಂತರೆ, ಅದೇ ಒತ್ತಡವನ್ನು ದಾರದಿಂದ ಉಳಿಸಿಕೊಳ್ಳಬಹುದು. ನಿಲ್ಲದಿದ್ದರೆ ರಕ್ತ ಬರುತ್ತಿರುವುದು ದಾರ ತಲುಪದ ಜಾಗದಿಂದ: ಕೆಳಭಾಗದ ಸೀಳು, ಮಾಸು ಕೆಳಗೆ ಅಂಟಿದ್ದ ಜಾಗ, ಗರ್ಭಕಂಠ, ಇಲ್ಲವೇ ಹೆಪ್ಪುಗಟ್ಟುವ ಶಕ್ತಿಯೇ ಸೋತಿರುವುದು.

ಇಲ್ಲಿ ಉತ್ತರ ಅರ್ಧಂಬರ್ಧ ಬಂತು. "ಮೇಡಂ, ಧಾರೆ ನಿಂತಿದೆ, ಆದ್ರೆ ಸಣ್ಣಗೆ ಜಿನುಗ್ತಾ ಇದೆ" ಎಂದರು ಸಿಸ್ಟರ್. ಆ ಜಿನುಗನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಪರೀಕ್ಷೆ ಪಾಸಾಯಿತೆಂದು ಬಿ-ಲಿಂಚ್ ಹೊಲಿಗೆಗೆ ಕೈಹಾಕಿದರು.

ಬಿ-ಲಿಂಚ್ ಹೊಲಿಗೆ

ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿದ್ದ ಕ್ರಿಸ್ಟೋಫರ್ ಬಿ-ಲಿಂಚ್ 1997ರಲ್ಲಿ ಐದು ಪ್ರಕರಣಗಳೊಂದಿಗೆ ಪ್ರಕಟಿಸಿದ ವಿಧಾನ ಇದು. ಪ್ಯಾಂಟಿಗೆ ಹಾಕುವ ಸಸ್ಪೆಂಡರ್ ಪಟ್ಟಿಗಳಂತೆ ಒಂದೇ ದಾರ ಬಲಕ್ಕೊಮ್ಮೆ, ಎಡಕ್ಕೊಮ್ಮೆ ಗರ್ಭಕೋಶದ ನೆತ್ತಿಯ ಮೇಲೆ ಹಾದು, ಅದನ್ನು ಮಡಚಿ ಒತ್ತಿ ಹಿಡಿಯುತ್ತದೆ. ಗರ್ಭಕೋಶ ತೆರೆದೇ ಇರಬೇಕು. ಹಾಗಾಗಿ ಸಿಸೇರಿಯನ್‌ನಲ್ಲಿ ಇದಕ್ಕೆ ಬೇರೆ ಕೊಯ್ತ ಬೇಡ.

ದಾರ ಕರಗುವಂಥದ್ದೇ ಆಗಬೇಕು, 1 ನಂಬರ್, ಕನಿಷ್ಠ 90 ಸೆಂಮೀ, ದೊಡ್ಡ ದುಂಡು ಸೂಜಿ. ಕರಗದ ದಾರ ಹಾಕಿದರೆ ಮುಂದೆ ಗರ್ಭಕೋಶ ಕುಗ್ಗಿದಾಗ ಕುಣಿಕೆ ಸಡಿಲವಾಗಿ ನಿಂತು ಕರುಳು ಅದರೊಳಗೆ ನುಸುಳುವ ಅಪಾಯವಿದೆ. ಹೆಣೆದ ದಾರಕ್ಕಿಂತ ಒಂಟಿ ಎಳೆಯದು ನುಣ್ಣಗೆ ಜಾರುತ್ತದೆ. ಆ ರಾತ್ರಿ ಕಪಾಟಿನಲ್ಲಿ ಇದ್ದದ್ದು ಹೆಣೆದ ದಾರವಾದ ವಿಕ್ರಿಲ್ ಮಾತ್ರ, ಅದೂ ನಡೆಯುತ್ತದೆ, ಎಳೆಯುವ ಮುನ್ನ ಸಲೈನಿನಲ್ಲಿ ಅದ್ದಿಕೊಂಡರೆ ಸಾಕು.

ಸೂಜಿಯ ದಾರಿ ಹೀಗೆ. ಬಲಗಡೆ, ಕೊಯ್ತದ ಕೆಳಅಂಚಿನಿಂದ 3 ಸೆಂಮೀ ಕೆಳಗೆ, ಪಕ್ಕದ ಅಂಚಿನಿಂದ 3 ಸೆಂಮೀ ಒಳಗೆ ಚುಚ್ಚಿ ಗರ್ಭಕೋಶದ ಒಳಗೆ ಬರಬೇಕು. ಅಲ್ಲಿಂದ ಮೇಲಂಚಿನ 3 ಸೆಂಮೀ ಮೇಲೆ, ಪಕ್ಕದಿಂದ ಸುಮಾರು 4 ಸೆಂಮೀ ಒಳಗೆ ಹೊರಬರಬೇಕು. ದಾರ ಈಗ ಗರ್ಭಕೋಶದ ಹೊರಮೈ ಮೇಲೆ ನೆತ್ತಿಯತ್ತ ಏರಿ, ಗರ್ಭನಾಳ ಕೂಡುವ ಮೂಲೆಯಿಂದ 3–4 ಸೆಂಮೀ ಒಳಗೆ ಹಾದು, ಹಿಂಬದಿಗೆ ಇಳಿಯುತ್ತದೆ. ಹಿಂದಿನ ಗೋಡೆಯಲ್ಲಿ, ಮುಂದೆ ಕೊಯ್ತದ ಮೇಲೆ ದಾರ ಹೊರಬಂದ ಮಟ್ಟದಲ್ಲೇ, ಬಲದಿಂದ ಒಳಹೊಕ್ಕು ಅಡ್ಡಲಾಗಿ ಎಡಕ್ಕೆ ಹೊರಬರಬೇಕು. ಎಡಗಡೆ ಮತ್ತೆ ನೆತ್ತಿಯ ಮೇಲೇರಿ ಮುಂದಕ್ಕೆ ಇಳಿದು, ಕೊಯ್ತದ ಮೇಲೆ 3 ಸೆಂಮೀಯಲ್ಲಿ ಒಳಗೆ, ಕೆಳಗೆ 3 ಸೆಂಮೀಯಲ್ಲಿ ಹೊರಗೆ. ಎರಡೂ ತುದಿಗಳು ಈಗ ಕೊಯ್ತದ ಕೆಳಗೆ ಎದುರುಬದುರು.

ಗಂಟು ಹಾಕುವಾಗ ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಬಲಪ್ರಯೋಗದಲ್ಲಿ. ಒತ್ತುವುದು ಕೈಯ ಕೆಲಸ, ದಾರದ್ದಲ್ಲ. ಸಹಾಯಕರು ಎರಡೂ ಅಂಗೈಗಳಿಂದ ಗರ್ಭಕೋಶವನ್ನು ಒತ್ತಿ ಚಿಕ್ಕದು ಮಾಡುತ್ತಿರಬೇಕು, ಶಸ್ತ್ರವೈದ್ಯರು ಉಳಿದ ಸಡಿಲವನ್ನಷ್ಟೇ ಎಳೆದುಕೊಳ್ಳಬೇಕು. ದಾರದಿಂದಲೇ ಒತ್ತಲು ಹೋದರೆ ಮೆತ್ತಗಾದ ಸ್ನಾಯು, ಕಳಿತ ಬಾಳೆಹಣ್ಣಿಗೆ ದಾರ ಬಿಗಿದಂತೆ, ತುಂಡಾಗುತ್ತದೆ. ನೆತ್ತಿಯ ಮೇಲೆ ದಾರ ತೀರಾ ಪಕ್ಕಕ್ಕೆ ಹೋದರೆ ಗಂಟು ಬಿಗಿದಾಗ ಭುಜದಿಂದ ಜಾರಿದ ಬ್ಯಾಗಿನ ಪಟ್ಟಿಯಂತೆ ಕೆಳಗಿಳಿದುಬಿಡುತ್ತದೆ.

2:58ಕ್ಕೆ ಗಂಟು ಬಿತ್ತು. ನಂತರ ಕೊಯ್ತವನ್ನು ಮುಚ್ಚಿದರು. ಕೆಳಗೆ ನೋಡಿದ ಸಿಸ್ಟರ್ ನಿಂತಿದೆ ಎಂದರು. ಗರ್ಭಕೋಶ ಬೆಳ್ಳಗೆ, ಮಡಿಕೆ ಬಿದ್ದು, ಬಿಗಿಯಾಗಿ ಕೂತಿತ್ತು.

ಎಡವಿದ್ದು ಎಲ್ಲಿ

ಅಲ್ಲಿ ಹೊಟ್ಟೆ ಮುಚ್ಚಿದ್ದರೆ ಬಾಣಂತಿ ಉಳಿಯುತ್ತಿದ್ದದ್ದು ಅನುಮಾನ. ಹತ್ತು ನಿಮಿಷ ಕಾದು ನೋಡಿಯೇ ಮುಚ್ಚುವ ಪದ್ಧತಿ ಆ ಓಟಿಯಲ್ಲಿತ್ತು. 3:05ಕ್ಕೆ ಟ್ರಾನೆಕ್ಸಾಮಿಕ್ ಎರಡನೇ ಗ್ರಾಂ ಹೋಯಿತು, ಏಕೆಂದರೆ ರಕ್ತ ಏರುತ್ತಿದ್ದರೂ ನಾಡಿ ಇಳಿಯಲಿಲ್ಲ. 3:10ಕ್ಕೆ ನಾಡಿ 138, ಒತ್ತಡ 84. ಯೋನಿಯಿಂದ ಹನಿಯೂ ಇಲ್ಲ. ಎಡಗಡೆಯ ಬ್ರಾಡ್ ಲಿಗಮೆಂಟ್ (ಗರ್ಭಕೋಶದ ಪಕ್ಕದ ಪೊರೆಯ ಮಡಿಕೆ) ಮಾತ್ರ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿ ಉಬ್ಬುತ್ತಿತ್ತು.

ಆದದ್ದು ಇಷ್ಟು. ಎಡಮೂಲೆಯ ಸೀಳಿನ ತುದಿ ಮೂತ್ರಕೋಶದ ಹಿಂದೆ ಅಡಗಿತ್ತು. ಕೊಯ್ತ ಮುಚ್ಚುವಾಗ ಕಣ್ಣಿಗೆ ಕಂಡ ಮೂಲೆಯಿಂದ ಹೊಲಿಗೆ ಶುರುವಾಯಿತು, ನಿಜವಾದ ತುದಿ ಅದಕ್ಕಿಂತ 3 ಸೆಂಮೀ ಕೆಳಗಿತ್ತು. ಬಿ-ಲಿಂಚ್ ಗಂಟು ಬಿಗಿದಾಗ ಗರ್ಭಕೋಶ ಮಡಚಿಕೊಂಡು ಆ ಮೂಲೆಯನ್ನು ಇನ್ನಷ್ಟು ಒಳಗೆಳೆದುಕೊಂಡಿತ್ತು. ಗರ್ಭಕೋಶದ ಒಳಗಿನಿಂದ ಬರುತ್ತಿದ್ದ ರಕ್ತ ನಿಂತಿತು, ಸೀಳಿದ ರಕ್ತನಾಳದ್ದು ಹೊಟ್ಟೆಯ ಹಿಂಪೊರೆಯ ಕಡೆಗೆ ದಾರಿ ಹುಡುಕಿಕೊಂಡಿತು. ಮೊದಲ ಪರೀಕ್ಷೆಯಲ್ಲಿ ಕಂಡ ಜಿನುಗು ಇದೇ ಸೀಳಿನದ್ದು.

ಆದ್ದರಿಂದ ಬಿ-ಲಿಂಚ್ ಗಂಟಿಗೆ ಮೊದಲೇ ಕೊಯ್ತದ ಎರಡೂ ಮೂಲೆಗಳಿಗೆ ಪ್ರತ್ಯೇಕ ಹೊಲಿಗೆ ಹಾಕಿ, ದಾರದ ಬಾಲ ಉದ್ದ ಬಿಟ್ಟು ಕ್ಲಾಂಪಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ತುದಿ ಕಾಣದಿದ್ದರೆ ಮೂಲೆಯಂಚನ್ನು ಗ್ರೀನ್ ಆರ್ಮಿಟೇಜ್ ಕ್ಲಾಂಪಿನಿಂದ ಮೇಲೆಳೆದು, ಮೂತ್ರಕೋಶವನ್ನು ಕೆಳಗೆ ತಳ್ಳಿ, ತುದಿಯನ್ನು ಕಂಡೇ ತೀರಬೇಕು. ಎರಡು ನಿಮಿಷದ ಕೆಲಸ.

ಮಡಿಕೆ ಬಿಡಿಸಿದಾಗ

ಅರಿವಳಿಕೆ ತಜ್ಞರು ಹತ್ತು ನಿಮಿಷ ಬೇಕೆಂದರು, ರಕ್ತ ಏರಿಸಿ ಒತ್ತಡ ಹಿಡಿಯಲು. ಅಷ್ಟು ಹೊತ್ತು ಸಹಾಯಕರು ಮುಷ್ಟಿಯಿಂದ ಮಹಾಪಧಮನಿಯನ್ನು, ತ್ರಿಕಾಸ್ಥಿಯ ಮುಂಚಾಚಿಗಿಂತ ಮೇಲೆ, ಬೆನ್ನುಮೂಳೆಗೆ ಒತ್ತಿ ಹಿಡಿದರು. ಒತ್ತಡ ಸರಿಯಾಗಿದೆಯೇ ಎಂಬುದಕ್ಕೆ ತೊಡೆಸಂದಿನ ನಾಡಿ ಸಾಕ್ಷಿ, ಅದು ಸಿಗಬಾರದು. ಈ ಉಪಾಯಕ್ಕೆ ಉಪಕರಣ ಬೇಡ, ಖರ್ಚಿಲ್ಲ, ಆದರೂ ತುರ್ತಿನಲ್ಲಿ ಇದು ಎಷ್ಟೋ ಜನರಿಗೆ ನೆನಪೇ ಆಗುವುದಿಲ್ಲ.

ನಂತರ ಮೂತ್ರಕೋಶದ ಮೇಲಿನ ಮಡಿಕೆಯನ್ನು ಎಡಕ್ಕೆ ವಿಸ್ತರಿಸಿ ಬಿಡಿಸಿದರು. ಮೂತ್ರಕೋಶ ಕೆಳಗಿಳಿದರೆ ಮೂತ್ರನಾಳವೂ ಸೂಜಿಯ ದಾರಿಯಿಂದ ಕೆಳಗೂ ಪಕ್ಕಕ್ಕೂ ಸರಿಯುತ್ತದೆ. ಹೆಪ್ಪನ್ನು ತೆಗೆದು, ಮೂತ್ರನಾಳವನ್ನು ಹೆಬ್ಬೆರಳು ತೋರುಬೆರಳ ನಡುವೆ ಹುರಿಯಂತೆ ಉರುಳಿಸಿ ಗುರುತಿಸಿಕೊಂಡರು. ಸೀಳಿನ ತುದಿ ಕಂಡಿತು. ಅದರಿಂದ 1 ಸೆಂಮೀ ಆಚೆ ಮೊದಲ ಹೊಲಿಗೆ ಬಿತ್ತು, ಏಕೆಂದರೆ ಕತ್ತರಿಸಿದ ರಕ್ತನಾಳ ತುದಿಯಿಂದ ಹಿಂದೆ ಸರಿದು ಮುದುಡಿಕೊಂಡಿರುತ್ತದೆ. ಉಬ್ಬಿದ ರಕ್ತದ ಗುಡ್ಡೆಯೊಳಗೆ ಕುರುಡಾಗಿ ಸೂಜಿ ಆಡಿಸಿದರೆ ಮೊದಲು ಸಿಗುವುದು ಮೂತ್ರನಾಳವೇ.

ಸೀಳು ಮುಚ್ಚಿದ ಮೇಲೂ ಪಕ್ಕದಿಂದ ಒಸರುತ್ತಿದ್ದ ಕಾರಣ ಓ'ಲಿಯರಿ ಹೊಲಿಗೆ, ಅಂದರೆ ಗರ್ಭಕೋಶದ ಧಮನಿಯ ಮೇಲೇರುವ ಕವಲನ್ನು ಕಟ್ಟುವುದು. 1966ರಿಂದ ಬಳಕೆಯಲ್ಲಿದೆ. ಕೊಯ್ತದಿಂದ 2–3 ಸೆಂಮೀ ಕೆಳಗೆ, ರಕ್ತನಾಳದ ಮಿಡಿತದಿಂದ 2–3 ಸೆಂಮೀ ಒಳಗೆ, ಸ್ನಾಯುವನ್ನು ದಪ್ಪವಾಗಿ ಹಿಡಿದು ಮುಂದಿನಿಂದ ಹಿಂದಕ್ಕೆ ಚುಚ್ಚಿ, ಬ್ರಾಡ್ ಲಿಗಮೆಂಟಿನಲ್ಲಿ ರಕ್ತನಾಳವಿಲ್ಲದ ತೆಳು ಜಾಗದಿಂದ ಮುಂದಕ್ಕೆ ತಂದು ಕಟ್ಟಬೇಕು. ಸ್ನಾಯುವನ್ನು ಸೇರಿಸಿ ಕಟ್ಟುವುದರಿಂದ ಧಮನಿ, ಸಿರೆ ಎರಡೂ ಸೀಳದೆ ಒಟ್ಟಿಗೆ ಬಿಗಿಯಾಗುತ್ತವೆ. ಕತ್ತರಿಸುವ ಮಾತೇ ಇಲ್ಲ. ಎಡಗಡೆ ಮುಗಿಸಿ ಬಲಗಡೆಯೂ ಕಟ್ಟಿದರು. ಎರಡೂ ಬದಿಯ ರಕ್ತನಾಳಗಳು ಒಳಗೆ ಕೈಕೈ ಹಿಡಿದಿರುವುದರಿಂದ ಒಂದೇ ಬದಿ ಕಟ್ಟಿದರೆ ಇನ್ನೊಂದು ಬದಿ ತುಂಬಿಕೊಡುತ್ತದೆ. ಎರಡನ್ನೂ ಕಟ್ಟಿದರೆ ಗರ್ಭಕೋಶ ಸಾಯುವುದಿಲ್ಲವೇ? ಇಲ್ಲ, ಅಂಡಾಶಯದ ಕಡೆಯಿಂದ ಬರುವ ರಕ್ತ ಅದನ್ನು ಸಾಕುತ್ತದೆ. ಆಗಲೂ ನಿಲ್ಲದಿದ್ದರೆ ಮುಂದಿನ ಮೆಟ್ಟಿಲು, ಗರ್ಭಕೋಶ ಮತ್ತು ಅಂಡಾಶಯ ಸೇರುವಲ್ಲಿ ಇನ್ನೊಂದು ಗಂಟು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ರಕ್ತ ಕಡಿತಗೊಳಿಸುವ ಕ್ರಮವನ್ನು ಈಜಿಪ್ಟಿನ ಅಬ್ದ್‌ರಬ್ಬೊ 1994ರಲ್ಲಿ 103 ಪ್ರಕರಣಗಳೊಂದಿಗೆ ವಿವರಿಸಿದರು. ಇಲ್ಲಿ ಅಷ್ಟು ದೂರ ಹೋಗಬೇಕಾಗಲಿಲ್ಲ. 3:34ಕ್ಕೆ ಜಾಗ ಒಣಗಿತು.

ಬಿಟ್ಟ ದಾರಿಗಳು

ಕಿಬ್ಬೊಟ್ಟೆಯ ಅಂಗಗಳಿಗೆ ರಕ್ತ ಒಯ್ಯುವ ಒಳ ಇಲಿಯಾಕ್ ಧಮನಿ ಕಟ್ಟುವ ಯೋಚನೆ ಬಂದು ಹೋಯಿತು. ಎರಡೂ ಬದಿ ಕಟ್ಟಿದಾಗ ನಾಡಿ ಒತ್ತಡ 85 ಶೇಕಡ ಇಳಿಯುತ್ತದೆ, ಹರಿವು ಅರ್ಧದಷ್ಟು ಕುಗ್ಗುತ್ತದೆ ಎಂದು ಬರ್ಚೆಲ್ 1960ರ ದಶಕದಲ್ಲೇ ತೋರಿಸಿದ್ದರು. ಅಂದರೆ ರಕ್ತ ನಿಲ್ಲುವುದಲ್ಲ, ಧಮನಿಯ ರಭಸ ಸಿರೆಯ ಹರಿವಿನಂತಾಗಿ ಹೆಪ್ಪುಗಟ್ಟಲು ಅವಕಾಶ ಸಿಗುತ್ತದೆ. ಕೈ ಪಳಗಿದವರಿಗೆ ಒಳ್ಳೆಯ ಅಸ್ತ್ರ. ಪಳಗದವರು ಧಮನಿಯಡಿಯ ಸಿರೆಯನ್ನು ಹರಿದರೆ ಮೊದಲಿಗಿಂತ ದೊಡ್ಡ ಸಂಕಟ. ಕಾಲಿಗೆ ಹೋಗುವ ಹೊರ ಇಲಿಯಾಕ್ ಅನ್ನೇ ಕಟ್ಟಿಬಿಟ್ಟು ಕಾಲು ತಣ್ಣಗಾದದ್ದೂ ಉಂಟು, ಅದಕ್ಕೇ ಗಂಟಿಗೆ ಮೊದಲು ಮತ್ತು ನಂತರ ತೊಡೆಸಂದಿನ ನಾಡಿ ಮುಟ್ಟಿ ನೋಡುವುದು. ರಾತ್ರಿ ಮೂರು ಗಂಟೆಗೆ, ಒಬ್ಬರೇ ತಜ್ಞೆ ಇರುವಾಗ ಇದನ್ನು ಕೈಬಿಟ್ಟದ್ದು ಸರಿಯಾದ ತೀರ್ಮಾನ.

ಗರ್ಭಕೋಶ ತೆಗೆಯುವ ಗೆರೆಯನ್ನು ತಂಡ ಮೊದಲೇ ಎಳೆದುಕೊಂಡಿತ್ತು: ಓ'ಲಿಯರಿ ನಂತರ ಹತ್ತು ನಿಮಿಷ ರಕ್ತ ಮುಂದುವರಿದರೆ, ಅಥವಾ ರಕ್ತ ಏರಿಸಿಯೂ ಒತ್ತಡ 80ರ ಕೆಳಗೇ ಉಳಿದರೆ ತಡಮಾಡುವಂತಿಲ್ಲ. ಗಂಡನಿಗೆ ವಿಷಯ ತಿಳಿಸಿ ಒಪ್ಪಿಗೆಯನ್ನೂ ಪಡೆದಿದ್ದರು. ಹೀಗೆ ಗೆರೆ ಎಳೆಯದಿದ್ದರೆ "ಇನ್ನೊಂದು ಹೊಲಿಗೆ ನೋಡೋಣ" ಎನ್ನುತ್ತಲೇ ಒಂದು ಗಂಟೆ ಜಾರುತ್ತದೆ. ರಕ್ತ ಮೇಲ್ಭಾಗದಿಂದ ಬರುತ್ತಿದ್ದರೆ ಗರ್ಭಕಂಠ ಉಳಿಸಿ ತೆಗೆಯುವುದು ಬೇಗ ಮುಗಿಯುತ್ತದೆ, ಮೂತ್ರನಾಳಕ್ಕೂ ಅಪಾಯ ಕಡಿಮೆ. ಮಾಸು ಕೆಳಗಿದ್ದು ಅಲ್ಲಿಂದಲೇ ಸೋರುತ್ತಿದ್ದರೆ ಗರ್ಭಕಂಠ ಸಮೇತ ತೆಗೆಯದೆ ಗತಿಯಿಲ್ಲ.

ಇದೇ ಸ್ಥಿತಿ ಸಹಜ ಹೆರಿಗೆಯ ನಂತರ ಬಂದಿದ್ದರೆ ಹೊಟ್ಟೆ ತೆರೆಯುವ ಮೊದಲು, ಗರ್ಭಕೋಶವನ್ನು ಒಳಗಿನಿಂದ ಒತ್ತುವ ಬಲೂನ್ ಇತ್ತು. ಢಾಕಾದ ಸಯೇಬಾ ಅಖ್ತರ್ 2003ರಲ್ಲಿ ಪ್ರಕಟಿಸಿದ ಕಾಂಡೋಮ್ ಬಲೂನಿಗೆ ಬೇಕಾದ್ದು ಒಂದು ಕ್ಯಾಥೆಟರ್, ಕಾಂಡೋಮ್, ರೇಷ್ಮೆ ದಾರ ಮತ್ತು 250ರಿಂದ 500 ಮಿಲಿ ಸಲೈನ್. ಹೊಟ್ಟೆ ತೆರೆಯಲೇಬೇಕಾಗಿ ಬಂದರೆ ಹೇಮನ್ ಹೊಲಿಗೆ ಸುಲಭ: ಗರ್ಭಕೋಶ ಕೊಯ್ಯದೆ, ಕೆಳಭಾಗದಲ್ಲಿ ಮುಂದಿನಿಂದ ಹಿಂದಕ್ಕೆ ಚುಚ್ಚಿ, ಎರಡು ಬದಿಯ ಎರಡು ದಾರಗಳನ್ನು ನೆತ್ತಿಯ ಮೇಲೆ ಕಟ್ಟುವುದು. ಒಳಗೆ ಕೈಯಾಡಿಸಿ ನೋಡಲಾಗದು ಎಂಬುದೇ ಅದರ ಕೊರತೆ. ರಕ್ತ ಅಳೆಯುವ ವಿಷಯಕ್ಕೆ ಬಂದರೆ, ಬಾಣಂತಿಯ ಸೊಂಟದಡಿ ಹಾಸಿ ರಕ್ತವನ್ನು ಅಳತೆಗೆರೆಯ ಚೀಲದಲ್ಲಿ ಹಿಡಿಯುವ ಬ್ರಾಸ್-ವಿ ಹಾಸು ರೂಪುಗೊಂಡದ್ದು ಬೆಳಗಾವಿ ಜಿಲ್ಲೆಯಲ್ಲಿ ನಡೆದ, ರಕ್ತಸ್ರಾವ ತಡೆಯುವ ಮಿಸೋಪ್ರೋಸ್ಟಾಲ್ ಮಾತ್ರೆಯ ಪ್ರಯೋಗಕ್ಕಾಗಿ. ನಮ್ಮದೇ ನೆಲದ ಈ ಉಪಕರಣ ನಮ್ಮ ಎಲ್ಲ ಹೆರಿಗೆ ಕೋಣೆಗಳಲ್ಲೂ ಇರಬೇಕಿತ್ತು.

ಹೆಪ್ಪುಗಟ್ಟದ ರಕ್ತ

3:15ಕ್ಕೆ ಗಾಜಿನ ಕೊಳವೆಯಲ್ಲಿ 5 ಮಿಲಿ ರಕ್ತ ತೆಗೆದಿಟ್ಟಿದ್ದರು. 7 ನಿಮಿಷದೊಳಗೆ ಗಟ್ಟಿ ಹೆಪ್ಪಾಗಬೇಕು. ಆದದ್ದು 9ಕ್ಕೆ, ಅದೂ ಕೊಳವೆ ಓರೆ ಮಾಡಿದರೆ ಒಡೆಯುವಷ್ಟು ಮೆತ್ತಗೆ. ಹೆಪ್ಪು ಕಟ್ಟುವ ಪ್ರೋಟೀನ್ ಆದ ಫೈಬ್ರಿನೋಜನ್ ವರದಿಗೆ ಕಾಯದೆ, 4:05ಕ್ಕೆ ಆಂಬುಲೆನ್ಸ್ ಬಂದ ಕೂಡಲೇ ಪ್ಲಾಸ್ಮಾ 4, ಕ್ರಯೋ 8 ಯೂನಿಟ್ ಹೋದವು. ರಕ್ತಸ್ರಾವದಲ್ಲಿ ಫೈಬ್ರಿನೋಜನ್ ಡೆಸಿಲೀಟರಿಗೆ 200 ಮಿಗ್ರಾಂ ಕೆಳಗಿಳಿದರೆ ಯಾವ ಗಂಟೂ ನೆಚ್ಚಿಕೆಯದಲ್ಲ. ಏರಿಸಿದ ರಕ್ತದಲ್ಲಿ ಹೆಪ್ಪುಗಟ್ಟದಂತೆ ಬೆರೆಸಿರುವ ಸಿಟ್ರೇಟ್ ದೇಹದ ಕ್ಯಾಲ್ಸಿಯಂ ಕಸಿಯುವುದರಿಂದ 10 ಶೇಕಡ ಕ್ಯಾಲ್ಸಿಯಂ ಗ್ಲುಕೋನೇಟ್ 10 ಮಿಲಿ ಕೊಟ್ಟರು. ಮೈ 35.1 ಡಿಗ್ರಿಗೆ ತಣಿದಿತ್ತು. ಬಿಸಿ ಸಲೈನ್, ಕಂಬಳಿ, ಎಸಿ ಬಂದ್. ಒಟ್ಟು ನಷ್ಟ 2,650 ಮಿಲಿ, ಏರಿಸಿದ ಪ್ಯಾಕ್ಡ್ ಸೆಲ್ 5 ಯೂನಿಟ್. ಡ್ರೇನ್ ಬಿಟ್ಟು 4:40ಕ್ಕೆ ಹೊಟ್ಟೆ ಮುಚ್ಚಿದರು.

ಆಮೇಲೆ

ಮೊದಲ 24 ಗಂಟೆ 15 ನಿಮಿಷಕ್ಕೊಮ್ಮೆ, ಆಮೇಲೆ 30 ನಿಮಿಷಕ್ಕೊಮ್ಮೆ ನಾಡಿ, ಒತ್ತಡ. ಗರ್ಭಕೋಶದ ನೆತ್ತಿ ಎಲ್ಲಿದೆಯೆಂದು ಹೊಟ್ಟೆಯ ಮೇಲೆ ಪೆನ್ನಿನ ಗೆರೆ, ಅದು ಮೇಲೇರಿದರೆ ಒಳಗೆ ರಕ್ತ ತುಂಬುತ್ತಿದೆ ಎಂದರ್ಥ. ಮೂತ್ರ ಗಂಟೆಗೆ 25 ಮಿಲಿಗಿಂತ ಕಡಿಮೆಯಾಗಲಿಲ್ಲ. ಎಡಗಡೆ ಮೂತ್ರನಾಳದ ಪಕ್ಕದಲ್ಲೇ ಸೂಜಿ ಆಡಿದ್ದರಿಂದ ಮೂರನೇ ದಿನ ಕ್ರಿಯಾಟಿನಿನ್ ಮತ್ತು ಎರಡೂ ಮೂತ್ರಪಿಂಡದ ಸ್ಕ್ಯಾನ್ ಮಾಡಿಸಿದರು, ಊತ ಇರಲಿಲ್ಲ. ಎದೆಹಾಲು ಎರಡು ದಿನ ತಡವಾದರೂ ಬಂತು. ಇಷ್ಟು ರಕ್ತ ಹೋದವರಲ್ಲಿ ಹಾಲು ಬಾರದೆ ಹೋದರೆ ಪಿಟ್ಯೂಟರಿ ಗ್ರಂಥಿಗೆ ಪೆಟ್ಟು ಬಿದ್ದಿದೆಯೇ ಎಂದು ನೋಡಬೇಕಾಗುತ್ತದೆ. ಹಿಮೋಗ್ಲೋಬಿನ್ 8.1ಕ್ಕೆ ನಿಂತಿದ್ದರಿಂದ ಕಬ್ಬಿಣಾಂಶದ ಔಷಧಿ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ 1 ಗ್ರಾಂ ರಕ್ತನಾಳಕ್ಕೆ ಕೊಟ್ಟು ಎಂಟನೇ ದಿನ ಮನೆಗೆ ಕಳಿಸಿದರು.

ಪ್ರಕರಣ ಪರಿಶೀಲನೆಯಲ್ಲಿ ಇನ್ನೊಂದು ಮಾತು ಬಂತು. ಗರ್ಭಕಂಠ ಪೂರ್ತಿ ತೆರೆದಾಗ ಗರ್ಭಕೋಶದ ಕೆಳಭಾಗ ಮೇಲಕ್ಕೆ ಹಿಗ್ಗಿರುತ್ತದೆ, ಕೊಯ್ತವೂ ಎಂದಿಗಿಂತ 2–3 ಸೆಂಮೀ ಮೇಲಿರಬೇಕು. ತಲೆ ಆಳದಲ್ಲಿದ್ದರೆ ಮೇಲೆ ಕೈಹಾಕಿ ಜಗ್ಗುವ ಬದಲು ಭುಜಗಳನ್ನು ಮೊದಲು ತೆಗೆಯುವ ಪಟವರ್ಧನ್ ವಿಧಾನ ಬಳಸಿದ್ದರೆ ಎಡಮೂಲೆ ಸೀಳದೆಯೂ ಇರಬಹುದಿತ್ತು.

ಡಿಸ್ಚಾರ್ಜ್ ಕಾರ್ಡಿನಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಗಂಡನಿಗೂ ತಾಯಿಗೂ ಓದಿ ಹೇಳಿದರು: ಗರ್ಭಕೋಶ ಉಳಿದಿದೆ, ಅದಕ್ಕೆ ಒತ್ತು ಹೊಲಿಗೆ ಹಾಕಿ ಎರಡೂ ಬದಿಯ ರಕ್ತನಾಳ ಕಟ್ಟಲಾಗಿದೆ. ಜ್ವರ, ದುರ್ವಾಸನೆಯ ಸ್ರಾವ ಅಥವಾ ಎಡ ಪಕ್ಕೆಯ ನೋವು ಬಂದರೆ ಅಂದೇ ಬರಬೇಕು. ಆರು ವಾರಕ್ಕೆ ಸ್ಕ್ಯಾನ್. ಮುಂದೆ ಬಸಿರಾದರೆ ಮೊದಲ ತಪಾಸಣೆಯಲ್ಲೇ ಈ ಕಾರ್ಡ್ ತೋರಿಸಿ, ರಕ್ತನಿಧಿ ಇರುವ ಆಸ್ಪತ್ರೆಯಲ್ಲೇ ಹೆರಿಗೆ.